ಮಂಜು ಒರೆಸಿದ ಲೆನ್ಸು

ಎಮರಿ ಕ್ರಾಲ್‌ಗೆ ಮಸುಕು ಎಂದರೆ ಆಗಿಬರದು. ರಾಚೆಸ್ಟರ್‌ನ ಕಾರ್ಖಾನೆಯೊಂದರಲ್ಲಿ ಲೆನ್ಸು ಉಜ್ಜುತ್ತಲೇ ಕೂದಲು ನರೆಸಿಕೊಂಡ ಮನುಷ್ಯ. ನೆರೆಯವರು ಮೊಮ್ಮಗುವಿನ ಫೋಟೊ ತಂದು ತೋರಿಸಿದರೆ, ಮಗು ಚೆನ್ನಾಗಿದೆ ಅನ್ನುವ ಮೊದಲೇ "ಫೋಕಸ್ಸು ಕಿವಿ ಮೇಲೆ ಕೂತಿದೆಯಲ್ಲ" ಅನ್ನುತ್ತಿದ್ದ. ಹುಟ್ಟುಗುಣ, ಸುಟ್ಟರೂ ಹೋಗುತ್ತದೆಯೇ?

ಕ್ರಿಸ್‌ಮಸ್ಸಿಗೆ ಮಗಳು ಹೊಸ ಕ್ಯಾಮರಾ ಕೊಟ್ಟಳು. ತಾನೇ ಫೋಕಸ್ ಹುಡುಕಿಕೊಳ್ಳುವ ಅದರ ಲೆನ್ಸನ್ನು ಎಮರಿ ಕಳಚಿ ಪಕ್ಕಕ್ಕಿಟ್ಟ. ನಡುವೆ ಒಂದು ಅಡಾಪ್ಟರ್ ಸಿಕ್ಕಿಸಿ, ಮದುವೆಯ ವರ್ಷ ಕೊಂಡಿದ್ದ ಹಳೆಯ ಲೆನ್ಸನ್ನೇ ಕೂರಿಸಿದ. ಅದರ ಫೋಕಸ್ಸನ್ನು ಕೈಯಿಂದಲೇ ತಿರುಗಿಸಬೇಕು. ತಿರುಗಿಸಿದರಾಯಿತು, ದೇವರು ಕೈ ಕೊಟ್ಟಿರುವುದೇಕೆ?

ಆದರೆ ಹೆಂಡತಿ ಬರ್ನಿಸ್ ಎದುರಿಗೆ ಕೂರಲೊಲ್ಲಳು. ಕ್ಯಾನ್ಸರ್ ಔಷಧಕ್ಕೆ ಕೂದಲು, ಹುಬ್ಬು ಎಲ್ಲ ಉದುರಿದ ಮೇಲೆ ಅವಳು ಒಂದೂ ಫೋಟೊ ತೆಗೆಯಗೊಟ್ಟಿರಲಿಲ್ಲ. ಇನ್ನು ಮುಂದೆ ಈ ಮುಖ ತನಗೆ ಸಿಗದೇ ಹೋದರೆ? ಆ ಹೆದರಿಕೆ ಎಮರಿಯ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿತ್ತು. ಕೊನೆಗೊಂದು ಭಾನುವಾರ ಅವಳೇ ಒಪ್ಪಿದಳು.

"ಆದ್ರೆ ಆ ಹಳೇ ಲೆನ್ಸಲ್ಲೇ ತೆಗೀಬೇಕು. ಗಾಜಿನ ಒಳಗೆಲ್ಲ ಮಂಜು ಕಟ್ಟಿದೆಯಲ್ಲ, ಅದಕ್ಕೆ ಸ್ವಲ್ಪ ಮಾನ ಮರ್ಯಾದೆ ಇದೆ. ಇದ್ದಿದ್ದೆಲ್ಲ ತೋರ್ಸಲ್ಲ."

ಎಮರಿ ಆ ಮಂಜನ್ನು ಈಗ ಎಲ್ಲಿಂದ ತರಬೇಕು? ಹೋದ ವಾರ ಅವಳು ಆಸ್ಪತ್ರೆಯಲ್ಲಿದ್ದಾಗ, ಅವಳಿಗೆಂದೇ ಲೆನ್ಸು ಬಿಚ್ಚಿ, ಆ ಮಂಜನ್ನೆಲ್ಲ ಒರೆಸಿ ಫಳಫಳ ಮಾಡಿದ್ದ. ಈಗ ಹೇಳಿದರೆ ಎದ್ದು ಹೋಗುತ್ತಾಳೆ. ಹೇಳಲಿಲ್ಲ, ಪುಣ್ಯಾತ್ಮ.

ಬರ್ನಿಸ್ ತಲೆಗೆ ಸ್ಕಾರ್ಫ್ ಕಟ್ಟಿಕೊಂಡು ಕಿಟಕಿಯ ಬಳಿ ಕೂತಳು. ಹೊರಗೆ ಹಿಮ ಬಿದ್ದು ಬೆಳಕು ಚೆನ್ನಾಗಿತ್ತು. ಹೊಸ ಕ್ಯಾಮರಾದ ಪರದೆಯಲ್ಲಿ, ಫೋಕಸ್ ಕೂತ ಕಡೆಯೆಲ್ಲ ಕೆಂಪು ಗೆರೆ ಮೂಡುತ್ತದೆ. ಬೋಳು ಹುಬ್ಬು, ಒಡೆದ ತುಟಿ, ಒಂದೊಂದು ಸುಕ್ಕಿನ ಮೇಲೂ ಕೆಂಪು ಮೂಡಿತು. ಎಮರಿ ಉಸಿರು ಬಿಗಿಹಿಡಿದು ಫೋಕಸ್ ರಿಂಗನ್ನು ಕೂದಲೆಳೆಯಷ್ಟು ಆಚೆ ತಿರುಗಿಸಿದ. ಕೆಂಪೆಲ್ಲ ಆರಿಹೋಯಿತು. ಆಗ ಕ್ಲಿಕ್ಕಿಸಿದ.

"ಕೊಡಿಲ್ಲಿ" ಎಂದು ಬರ್ನಿಸ್ ಕ್ಯಾಮರಾ ಇಸಕೊಂಡು ನೋಡಿದಳು. "ಇದು ಮಂಜಿನ ಮಸುಕಲ್ಲ, ಫೋಕಸ್ಸೇ ತಪ್ಪಿದೆಯಲ್ಲಯ್ಯಾ!"

"ವಯಸ್ಸಾಯ್ತು. ಕೈ ಜಾರ್ತು."

"ನಿನ್ನ ಕೈಯಾ? ನಮ್ಮ ಮದ್ವೇಲಿ ಕೇಕ್ ಕುಯ್ಯೋದು ಬಿಟ್ಟು, ಫೋಟೊದವನ ಫೋಕಸ್ ತಿದ್ದೋಕೆ ಎದ್ದು ಹೋದೋನು ನೀನು!" ಅವಳು ಲೆನ್ಸನ್ನು ಬೆಳಕಿಗೆ ಹಿಡಿದಳು. "ಮಂಜೆಲ್ಲಿ?"

"ಒರೆಸಿಬಿಟ್ಟೆ. ನಿಂಗೆ ಅಂತ್ಲೇ."

"ಅಂದ್ರೆ ಎಲ್ಲಾನೂ ನೋಡ್ಬಿಟ್ಟೆ."

"ನೋಡ್ದೆ."

"ನೋಡಿ?"

"ಇನ್ನೂ ನೋಡ್ತಾ ಇರ್ಬೇಕು ಅನ್ನಿಸ್ತು ಕಣೇ."

 ಬರ್ನಿಸ್ ಸ್ಕಾರ್ಫ್ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು, ಕ್ಯಾಮರಾ ಹಿಂದಕ್ಕೆ ಕೊಟ್ಟಳು.

"ಹಂಗಾದ್ರೆ ಸರಿಯಾಗಿ ತೆಗಿ, ಮುದುಕಾ. ಫೋಕಸ್ಸು ಕಣ್ಣಿನ ಮೇಲಿರ್ಲಿ, ಕಿವಿ ಮೇಲಲ್ಲ."

ಎಮರಿಗೆ ಕಣ್ಣು ತುಂಬಿ ಕೆಂಪು ಗೆರೆಯೇ ಕಾಣಲಿಲ್ಲ. ಬರ್ನಿಸ್ ಅಲುಗಾಡದೆ ಕಾದು ಕೂತಳು.