ಹೊಳ್ಳಿ ಬರೋ ಬಸ್ಸಿನ ವೇಗೋತ್ಕರ್ಷ

ಔರಾದದ ಒಂದು ಪಿಯು ಕಾಲೇಜಿನ್ಯಾಗ ನಾಕು ವರ್ಷ ಫಿಸಿಕ್ಸ್ ಕಲಿಸಿದೆ. ಅತಿಥಿ ಉಪನ್ಯಾಸಕ ಅಂತ ಹೆಸರು, ಖಾಯಂ ಏನಲ್ಲ. ಮನಿ ಬೀದರದ ಚಿದ್ರಿಯೊಳಗ. ಮುಂಜಾನಿ ಬಸ್ಸಿಗಿ ಹೋಗೋದು, ಸಂಜಿಗಿ ಹೊಳ್ಳಿ ಬರೋದು.

ಅದೇ ಬಸ್ಸನ್ನ ಬೋರ್ಡಿನ ಮ್ಯಾಲ ತರ್ತಿದ್ದೆ. ಬೀದರ ಸೊನ್ನೆ, ಔರಾದ ಕಡೆ ಪ್ಲಸ್. ಬ್ರೇಕ್ ಹಾಕಿದ್ರ ವೇಗೋತ್ಕರ್ಷ ಮೈನಸ್. "ಮೈನಸ್ ಅಂದ್ರ ಗಾಡಿ ಮೆಲ್ಲಗಾಗ್ತದ" ಅಂತ ಇಡೀ ಕ್ಲಾಸಿನ ಕಡಿಂದ ಜೋರಾಗಿ ಹೇಳಿಸಿ, ಕೆಂಪು ಪೆನ್ನಿಲೆ ಸುತ್ತ ಡಬ್ಬಿ ಹಾಕಿಸ್ತಿದ್ದೆ. ನಮ್ಮ ಕಡೆ ಡಬ್ಬಿ ಹಾಕಿಸಾಂವನೇ ಚಲೋ ಮಾಸ್ತರ.

ಒಬ್ಬಾಕಿ ಮಾತ್ರ ಹಾಕ್ಲಿಲ್ಲ. ಕ್ಲಾಸಿನ್ಯಾಗ ಆಕಿನೇ ಶಾಣ್ಯಾಕಿ. ಈ ಸಲ ಇಂಜಿನಿಯರಿಂಗ್ ಸೀಟು ಸಿಕ್ರ ಓದು, ಇಲ್ಲಂದ್ರ ಲಗ್ನ ಅಂತ ಮನ್ಯಾಗ ಖಡಾಖಂಡಿ ಹೇಳಿದ್ರು.

"ಸರ್, ಸಂಜಿ ಬಸ್ಸು ಬೀದರ ಕಡೆ ಹೊಂಟು ಜೋರ್ ಹಿಡೀತದಲ್ರಿ. ಅದರ ವೇಗೋತ್ಕರ್ಷಾನೂ ಮೈನಸ್ಸೇ ಆಗ್ಬೇಕಲ್ರಿ? ಮತ್ತ ಮೆಲ್ಲಗ ಹ್ಯಾಂಗ ಆಗ್ತದ್ರಿ?"

ನನ್ನ ಲಕ್ಷ್ಯ ಗಡಿಯಾರದ ಮ್ಯಾಲಿತ್ತು. ಖರೆ ಹೇಳ್ತೇನಿ, ನನಗೂ ಥಟ್ಟನೆ ತಿಳೀಲಿಲ್ಲ. ಗೊತ್ತಿಲ್ಲ ಅನ್ಲಿಕ್ಕ ನನ್ನ ಸೊಕ್ಕು ಬಿಡಲಿಲ್ಲ.

"ಜಾಸ್ತಿ ತಲಿ ಓಡಿಸಬ್ಯಾಡವಾ. ಡಬ್ಬಿ ಹಾಕು," ಅಂದೆ. ಹಾಕಿದ್ಳು.

ಅವತ್ತೇ ಸಂಜಿಗಿ ಬೀದರದ ಬಸ್ಸು ಔರಾದ ಸ್ಟಾಂಡ್ ಬಿಟ್ಟು ಜೋರ್ ಹಿಡೀತು, ಬೆನ್ನು ಸೀಟಿಗಿ ಒತ್ತಿತು. ಆವಾಗ ತಿಳೀತು. ಹೋಗೋ ದಿಕ್ಕೂ ಮೈನಸ್, ವೇಗೋತ್ಕರ್ಷಾನೂ ಮೈನಸ್. ಎರಡೂ ಒಂದೇ ಕಡೆ ಇದ್ರ ಗಾಡಿ ಜೋರೇ ಆಗ್ತದ. ಹುಡುಗಿ ಹೇಳಿದ್ದೇ ಬರೋಬ್ಬರಿ. ನಾಳಿ ಹೇಳಿದ್ರಾಯ್ತು ಅಂದ್ಕೊಂಡೆ. ಮರುದಿನ ಕ್ಲಾಸಿಗಿ ಹೋದ್ರ ನಾಚಿಕಿ ಬಂತು, ಮುಂದಿನ ಪಾಠ ಸುರು ಮಾಡಿಬಿಟ್ಟೆ. ಥೂ, ನನ್ನ ಜನ್ಮಕ್ಕಿಷ್ಟು.

ಆಕಿಗಿ ಸೀಟು ಸಿಗಲಿಲ್ಲ. ಭಾಲ್ಕಿಗಿ ಲಗ್ನ ಮಾಡಿ ಕೊಟ್ರು ಅಂತ ಸುದ್ದಿ ಬಂತು. ಮುಂದಿನ ವರ್ಷ ನನ್ನನ್ನೂ ಕಾಲೇಜಿನವರು ಕರೀಲಿಲ್ಲ.

ಹೋದ ತಿಂಗಳು ಭಾಲ್ಕಿಯಿಂದ ಬೀದರಕ ಬರೋ ಬಸ್ಸಿನ್ಯಾಗ ಆಕಿ ಸಿಕ್ಕಳು. ತೊಡಿ ಮ್ಯಾಲ ಕೂಸು. ನನ್ನ ನೋಡಿ ಸರಿದು ಜಾಗಾ ಕೊಟ್ಟಳು. ಆರಾಮ ಅದೀರೇನ್ರಿ ಅಂತ ಕೇಳಿ, ತಾನೇ ಅಂದಳು:

"ಸರ್, ಸೀಟಿನ ಪರೀಕ್ಷಾದಾಗ ಆ ಮೈನಸ್ಸಿನ ಸವಾಲು ಬಂದಿತ್ರಿ. ನನಗ ಬ್ಯಾರೆ ಉತ್ತರ ಅನಿಸಿತ್ತು. ಆದ್ರ ನೀವು ಹೇಳಿದ್ದೇ ಟಿಕ್ ಮಾಡಿ ಬಂದೆ. ಆಮ್ಯಾಲ ಪುಸ್ತಕ ತೆಗೀಲೇ ಇಲ್ರಿ. ಅದೊಂದಾದ್ರೂ ಬರೋಬ್ಬರಿ ಇತ್ತಲ್ರಿ?"

ಬಸ್ ಜೋರ್ ಹಿಡೀತು. ಕೂಸು ಆಕಿ ಎದಿಗಿ ಒರಗಿತು.

"ಬರೋಬ್ಬರಿ ಇತ್ತವಾ," ಅಂದೆ.