ಸುಕನ್ಯಾಳ ಮನೆಯಲ್ಲಿಟ್ಟ ಪ್ರಸ್ಥಾನ

ತಾಯಿ ಶಾರದೆಯನ್ನು ನಂಬಿದ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನನಗಿರುವುದು ಒಂದೇ ಕಣ್ಣು. ಬಲಗಣ್ಣಿನ ಒಳಪರದೆ ಎರಡು ವರ್ಷದ ಹಿಂದೆ ಕಳಚಿಕೊಂಡಿತು. ಆಪರೇಷನ್ ಆಗುವಷ್ಟರಲ್ಲಿ ಕಾಲ ಮಿಂಚಿತ್ತು. ಈಗ ಆ ಕಣ್ಣಿಗೆ ಬೆಳಕು ಯಾವುದು, ಕತ್ತಲೆ ಯಾವುದು ಎಂಬುದಷ್ಟೇ ಗೊತ್ತು. "ಎಡಗಣ್ಣಿನ ಪರದೆಯೂ ತೆಳುವಾಗಿದೆ, ಹುಷಾರಾಗಿರಿ" ಎಂದಿದ್ದರು ಡಾಕ್ಟರು. ಅಂದಿನಿಂದ ಈ ಹೊರದೇಶದ ಮಾರ್ಕಮ್ ಊರಿನ ನಮ್ಮ ಮನೆಯಲ್ಲಿ ನಾನು ಬೆಳಿಗ್ಗೆ ಎದ್ದ ಕೂಡಲೇ ಅಡುಗೆಮನೆ ಕಪಾಟಿನ ಶಾರದಮ್ಮನ ಪಟದ ಮುಂದೆ ನಿಂತು, ಮುಖ ಕಾಣುತ್ತದೆಯೇ ಎಂದು ನೋಡುತ್ತಿದ್ದೆ. ಕಂಡರೆ ಆಮೇಲೆ ಕಾಫಿ.

ನಮ್ಮವರು ಇಂಜಿನಿಯರು. ಅತ್ತು ಸಮಾಧಾನ ಮಾಡುವ ಜಾತಿಯಲ್ಲ. "ಏನೇನು ನೋಡ್ಬೇಕು ಅಂತಿದ್ಯೋ ಹೇಳು, ಈಗ್ಲೇ ನೋಡಿಬಿಡೋಣ" ಎಂದರು. ನಾನು ಜಪಾನಿನ ಕ್ಯೋಟೋ ಎಂದೆ. ನಮ್ಮ ಸರಸ್ವತಿ ಆ ಊರಿನಲ್ಲಿ ಬೆನ್‌ಜೈತೆನ್ ಎಂಬ ಹೆಸರಿನಲ್ಲಿ, ವೀಣೆಯಂಥ ವಾದ್ಯ ಹಿಡಿದು ಪೂಜೆಗೊಳ್ಳುತ್ತಾಳೆಂದು ಯಾರೋ ಹೇಳಿದ್ದರು. ನಮ್ಮವರಿಗೆ ರಜೆ ಸಿಕ್ಕಿದ್ದು ಒಂದೇ ವಾರ. ಹೋಗುವುದು ಬರುವುದು ಕಳೆದು ಕೈಗೆ ಉಳಿದದ್ದು ನಾಲ್ಕು ದಿನ. ಯಾವ ಗುಡಿಗೆ ಮೆಟ್ಟಿಲು ಕಡಿಮೆ, ಯಾವ ತೋಟದಲ್ಲಿ ನವೆಂಬರಿನ ಕೆಂಪೆಲೆ ಹತ್ತಿರದಿಂದ ಕಾಣುತ್ತದೆ, ಎಲ್ಲ ಅವರೇ ಹುಡುಕಿದರು. ಡಾಕ್ಟರೂ ಹೂಂ ಎಂದರು.

ಟಿಕೆಟ್ ಸಿಕ್ಕಿದ್ದು ಮಾತ್ರ ಮಂಗಳವಾರಕ್ಕೆ. ನಮ್ಮಲ್ಲಿ ಮಂಗಳವಾರ ಮನೆ ಬಿಟ್ಟು ಹೊರಡುವುದಿಲ್ಲ. ಅದಕ್ಕೂ ದಾರಿಯಿದೆಯಲ್ಲ, ಪ್ರಸ್ಥಾನ ಇಡುವುದು. ಒಳ್ಳೆಯ ದಿನ ನೋಡಿ, ಪ್ರಯಾಣದ ಸಾಮಾನು ಸ್ವಲ್ಪ ಚೀಲಕ್ಕೆ ಹಾಕಿ ಬೇರೆಯವರ ಮನೆಯಲ್ಲಿಟ್ಟರೆ ಅಂದೇ ಹೊರಟ ಲೆಕ್ಕ. ಆ ಚೀಲ ಮತ್ತೆ ಮನೆಗೆ ಬರಬಾರದು, ಹೋಗುತ್ತಾ ದಾರಿಯಲ್ಲಿ ಎತ್ತಿಕೊಳ್ಳಬೇಕು. ಭಾನುವಾರ ಥಾರ್ನ್‌ಕ್ಲಿಫ್ ಪಾರ್ಕ್ ಬಡಾವಣೆಯ ನನ್ನ ಗೆಳತಿ ಸುಕನ್ಯಾಳ ಅಪಾರ್ಟ್‌ಮೆಂಟಿನಲ್ಲಿ ಚೀಲ ಇಟ್ಟು ಬಂದೆ. ಒಂದು ಸೀರೆ, ಹಿಡಿ ಅಕ್ಕಿ, ಅರಿಶಿನ ಕುಂಕುಮ. ಪ್ರಯಾಣಕ್ಕೆ ಎಲ್ಲಕ್ಕಿಂತ ಮುಖ್ಯವಾದ ವಸ್ತು ಇಟ್ಟರೆ ಶ್ರೇಷ್ಠವೆಂದು ಇಬ್ಬರ ಪಾಸ್‌ಪೋರ್ಟನ್ನೂ ಹಾಕಿದ್ದೆ. ಬುದ್ಧಿ ನೋಡಿ ನನ್ನದು!

ಮಂಗಳವಾರ ಬೆಳಿಗ್ಗೆ ಸುಕನ್ಯಾಳ ಕಟ್ಟಡದ ಬಾಗಿಲಲ್ಲಿ ಬಜರ್ ಒತ್ತಿದ್ದೇ ಒತ್ತಿದ್ದು. ಉತ್ತರವಿಲ್ಲ. ಫೋನೂ ಎತ್ತಲಿಲ್ಲ. ಯಾರದೋ ಬದಲಿಗೆ ಅವಳು ವಾನ್ ಊರಿನ ಗೋದಾಮಿಗೆ ಬೆಳಗಿನ ಶಿಫ್ಟಿಗೆ ಹೋಗಿದ್ದಳು, ಅಲ್ಲಿ ಫೋನು ಲಾಕರಿನಲ್ಲಿಡಬೇಕು. ಇದೆಲ್ಲ ನಮಗೆ ಗೊತ್ತಾದದ್ದು ಆಮೇಲೆ. ನಮ್ಮವರು ಮೊದಲು ಪಾಸ್‌ಪೋರ್ಟ್ ಎಲ್ಲಿ ಎಂದು ಕೇಳಿದರು. ನಾನು ಹೇಳಿದೆ.

"ಬೆಂಕಿ ಹಾಕ ನಿನ್ನ ಪ್ರಸ್ಥಾನಕ್ಕೆ! ಪಾಸ್‌ಪೋರ್ಟ್ ಯಾರಾದ್ರೂ ಬೇರೆಯವ್ರ ಮನೇಲಿ ಇಡ್ತಾರೇನೇ?"

ಸುಕನ್ಯಾ ಬ್ರೇಕಿನಲ್ಲಿ ಫೋನ್ ಮಾಡುವಷ್ಟರಲ್ಲಿ ವಿಮಾನ ತಪ್ಪಿತ್ತು. "ಅಕ್ಕಾ, ಶಿಫ್ಟ್ ಚೇಂಜ್ ಆಗಿದ್ದು ಹೇಳೋದೇ ಮರ್ತೋದೆ, ಕ್ಷಮಿಸಿ ಅಕ್ಕಾ" ಎಂದು ಅವಳು ಅತ್ತಳು. ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ಸಿಟ್ಟು ಬಂದದ್ದು ತಾಯಿಯ ಮೇಲೆ. ವಾಪಸ್ ಬರುವಾಗ ಕಾರಿನಲ್ಲಿ ಮನಸ್ಸಿನಲ್ಲೇ ಜಗಳವಾಡಿದೆ: ನಿನ್ನನ್ನು ನೋಡುವುದಕ್ಕೆ ತಾನೇ ಹೊರಟಿದ್ದು? ಕಣ್ಣಿರುವಾಗ ದರ್ಶನ ಕೊಡದವಳು ಇನ್ಯಾವಾಗ ಕೊಡುತ್ತೀ?

ಡಾನ್ ವ್ಯಾಲಿ ರಸ್ತೆಯಲ್ಲಿರುವಾಗಲೇ ಎಡಗಣ್ಣಿನ ಮೂಲೆಯಲ್ಲಿ ಮಿಂಚು ಹೊಡೆಯಿತು. ಆಮೇಲೆ ಸಾಸಿವೆ ಚೆಲ್ಲಿದಂತೆ ಕಪ್ಪು ಚುಕ್ಕಿಗಳು. ಮನೆ ತಿರುವಿನ ಹೊತ್ತಿಗೆ ಕೆಳಗಿನಿಂದ ಕಪ್ಪು ಪರದೆ ಏಳತೊಡಗಿತು. ಬಲಗಣ್ಣು ಹೋದಾಗ ಹೀಗೇ ಆಗಿತ್ತು.

"ರೀ, ಈ ಕಣ್ಣೂ ಹೋಗ್ತಿದೆ ಕಣ್ರೀ."

ಅವರು ಕೂಡಲೇ ಆಸ್ಪತ್ರೆಯ ಕಡೆ ಕಾರು ತಿರುಗಿಸಿದರು.

ಎಮರ್ಜೆನ್ಸಿಯಲ್ಲಿ ಕೂತಷ್ಟು ಹೊತ್ತೂ ಪರದೆ ಏರುತ್ತಲೇ ಇತ್ತು. ಎದುರಿಗೆ ಕೂತಿದ್ದ ಮಗುವಿನ ಬೂಟು ಮರೆಯಾಯಿತು, ಆಮೇಲೆ ಮೊಣಕಾಲು. ಆಗ ಕ್ಯೋಟೋನೂ ಬೇಡ, ದರ್ಶನವೂ ಬೇಡವೆನಿಸಿತು. ತಾಯೀ, ಇವರ ಮುಖ ಒಂದು ಕಾಣುವಷ್ಟು ಉಳಿಸಿಬಿಡು ಎಂದು ಬೇಡಿಕೊಂಡೆ.

ಕಣ್ಣಿನ ಡಾಕ್ಟರು ಪರೀಕ್ಷಿಸಿ, ಒಳಪರದೆ ಕಳಚುತ್ತಿದೆ, ಆದರೆ ನೋಟದ ನಡುಭಾಗ ಇನ್ನೂ ಅಂಟಿಕೊಂಡಿದೆ, ಇವತ್ತೇ ಆಪರೇಷನ್ ಎಂದರು. ನಮ್ಮವರು ಕೇಳಿದರು, "ನಾವು ಈಗ ವಿಮಾನದಲ್ಲಿರಬೇಕಿತ್ತು ಡಾಕ್ಟರೇ. ಇದ್ದಿದ್ರೆ?" ಅವರು ತಲೆಯಾಡಿಸಿ, ಜಪಾನ್ ಮುಟ್ಟುವಷ್ಟರಲ್ಲಿ ನಡುಭಾಗವೂ ಬಿಟ್ಟುಹೋಗುತ್ತಿತ್ತೇನೋ ಎಂದರು. ಹದಿಮೂರು ಗಂಟೆ ಸಮುದ್ರದ ಮೇಲೆ ನನಗೆ ಯಾರು ದಿಕ್ಕಿದ್ದರು?

ಕಣ್ಣೊಳಗೆ ಗಾಳಿಗುಳ್ಳೆ ತುಂಬಿ ಕಳಿಸಿದರು. ವಾರವಿಡೀ ಹಗಲೂ ರಾತ್ರಿ ಬೋರಲಾಗಿರಬೇಕು, ಗುಳ್ಳೆ ಕರಗುವ ತನಕ ವಿಮಾನ ಹತ್ತುವಂತಿಲ್ಲ, ನೋಟ ಎಷ್ಟು ಮರಳುತ್ತದೋ ಈಗಲೇ ಹೇಳಲಾಗದು. ಆ ವಾರವನ್ನು ನನ್ನ ಶತ್ರುವಿಗೂ ಹಾರೈಸುವುದಿಲ್ಲ. ನಮ್ಮವರು ನನ್ನ ಮುಖದ ಕೆಳಗೆ ನೆಲದ ಮೇಲೆ ಅಂಗಾತ ಮಲಗಿ ಸ್ಟ್ರಾದಲ್ಲಿ ಕಾಫಿ ಕುಡಿಸುತ್ತಿದ್ದರು. ನನ್ನ ಕಣ್ಣೀರು ಅವರ ಕನ್ನಡಕದ ಮೇಲೆ ಬೀಳುತ್ತಿತ್ತು. "ಅಳ್ಬೇಡ ಕಣೆ, ನಂಗೂ ಕಾಣ್ಸಲ್ಲ" ಎನ್ನುತ್ತಿದ್ದರು.

ಎದ್ದು ಕೂರಬಹುದೆಂದ ಮೇಲೂ ಕೆಲವು ದಿನ ಎಲ್ಲ ನೀರಿನೊಳಗಿನಿಂದ ನೋಡಿದಂತಿತ್ತು. ಒಂದು ಬೆಳಿಗ್ಗೆ ಮೇಲ್ಗಡೆ ಒಂದು ಗೆರೆಯಷ್ಟು ತಿಳಿಯಾಯಿತು. ಅದರಲ್ಲಿ ಹಸಿರು ಕಂಡಿತು. ಅಡುಗೆಮನೆ ಬಾಗಿಲಿಗೆ ಕಟ್ಟಿದ್ದ, ಡಾಲರ್ ಅಂಗಡಿಯ ಪ್ಲಾಸ್ಟಿಕ್ ಮಾವಿನ ತೋರಣ! ಎಲೆ ಎಲೆಯೂ ಬಿಡಿಬಿಡಿಯಾಗಿ ಕಂಡಿತು. ನಾನು ಜೋರಾಗಿ ಅತ್ತುಬಿಟ್ಟೆ. ಗೆರೆ ದಿನದಿನಕ್ಕೆ ಕೆಳಗಿಳಿಯಿತು. ಮೊದಲು ಪಟದಲ್ಲಿ ಶಾರದಮ್ಮನ ಕಿರೀಟ, ಆಮೇಲೆ ಹಣೆ, ಆಮೇಲೆ ಕಣ್ಣು.

ಈಗ ವಸಂತ. ಡಾಕ್ಟರು ವಿಮಾನಕ್ಕೆ ಒಪ್ಪಿಗೆ ಕೊಟ್ಟಿದ್ದಾರೆ. ಇದನ್ನು ನನ್ನ ಕೈಯಾರೆ, ನನ್ನ ಕಣ್ಣಾರೆ ಬರೆಯುತ್ತಿದ್ದೇನೆ. ಕಳೆದ ವಾರ ಸುಕನ್ಯಾ, "ಅಕ್ಕಾ, ನಿಮ್ ಚೀಲ ತಂದ್ಕೊಡ್ಲಾ?" ಎಂದು ಫೋನ್ ಮಾಡಿದಳು. ನಾನು ಬಾಯಿ ತೆರೆಯುವ ಮೊದಲೇ, ಪ್ರಸ್ಥಾನಕ್ಕೆ ಬೆಂಕಿ ಹಾಕಿದ್ದ ಮಹಾನುಭಾವರು ಫೋನು ಕಸಿದುಕೊಂಡರು.

"ಮುಟ್ಬೇಡಮ್ಮಾ! ಅದು ವಾಪಸ್ ಮನೆಗೆ ಬರಬಾರ್ದು. ಪಾಸ್‌ಪೋರ್ಟೂ ಅಲ್ಲೇ ಇರ್ಲಿ, ನಾವು ಹೊರಟಾಗಿದೆ."