ಕಟ್ಟಿದ ಕೈ ಬಿಚ್ಚಿದ ಮಡಿವಾಳಪ್ಪ

ನಿವೃತ್ತರಾದ ನಾಲ್ಕನೆಯ ದಿನ ಬೆಳಿಗ್ಗೆ ಮಡಿವಾಳಪ್ಪ ಎಂದಿನಂತೆ ಖಾಕಿ ಪ್ಯಾಂಟು ಹಾಕಿಕೊಂಡು ಚಪ್ಪಲಿ ಮೆಟ್ಟಿದ್ದನ್ನು ನೋಡಿ ಹೆಂಡತಿ ಬಸವ್ವನಿಗೆ ಗಾಬರಿಯಾಯಿತು.

"ಎಲ್ಲಿಗ್ರೀ? ದವಾಖಾನಿಗೆ ಹೋಗೂದು ಮುಗೀತಲ್ಲ?"

"ದವಾಖಾನಿಗೆ ಅಲ್ಲ. ದವಾಖಾನಿಯಿಂದ ಮನೀಗೆ ಹೋದವ್ರನ್ನ ನೋಡಾಕ" ಎಂದು ಹೇಳಿ ಮಡಿವಾಳಪ್ಪ ಮೂಡಲಪಾಳ್ಯದ ಬಸ್ ಸ್ಟಾಪಿನ ಕಡೆ ನಡೆದೇಬಿಟ್ಟರು.

ಅದು ೨೦೦೪ರ ಬೇಸಿಗೆ. ಶಹಾಪುರದ ಕಡೆಯ ಹಳ್ಳಿಯಿಂದ ಬೆಂಗಳೂರಿಗೆ ಬಂದು ಮೂವತ್ತೊಂದು ವರ್ಷವಾಗಿತ್ತು. ಅಷ್ಟೂ ವರ್ಷ ರಾಜಾಜಿನಗರದ ಒಂದು ಆಸ್ಪತ್ರೆಯಲ್ಲಿ ಅವರು ವಾರ್ಡ್ ಬಾಯ್. ಮೀಸೆ ಬೆಳ್ಳಗಾದರೂ ಬಾಯ್, ಮೊಮ್ಮಗ ಹುಟ್ಟಿದರೂ ಬಾಯ್. ಮಗನಿಗಿಂತಲೂ ಚಿಕ್ಕವರಂತೆ ಕಾಣುವ ಡಾಕ್ಟರುಗಳು "ಬಾಯ್, ಮೂರನೇ ಬೆಡ್ ನೋಡು" ಎಂದರೆ ಒಳಗೊಳಗೇ ಉರಿದುಕೊಂಡು, ಹೋಗಿ ಮೂರನೇ ಬೆಡ್ಡನ್ನು ಎಲ್ಲರಿಗಿಂತ ಚೆನ್ನಾಗಿ ನೋಡಿ ಬರುತ್ತಿದ್ದರು.

ಆ ವಾರ್ಡು ಅವರ ಕಣ್ಣೆದುರಿಗೇ ಬದಲಾಗಿತ್ತು. ಮೊದಮೊದಲು ಅಲ್ಲಿ ಕಾರ್ಖಾನೆಯಲ್ಲಿ ಬೆರಳು ಕಳೆದುಕೊಂಡ ಹುಡುಗರು, ಟೈಫಾಯಿಡ್ ಆದವರು, ಹೆರಿಗೆಯಲ್ಲಿ ಸುಸ್ತಾದ ಹೆಣ್ಣುಮಕ್ಕಳು ಇರುತ್ತಿದ್ದರು. ಈಗ ಯಾವ ಮಂಚ ನೋಡಿದರೂ ನರೆತ ತಲೆ. ಲಕ್ವ, ಸೊಂಟದ ಮೂಳೆ, ಸಕ್ಕರೆ ಕಾಯಿಲೆಯ ಕಾಲು. ಮೊದಲಾಗಿದ್ದರೆ ಇಂಥ ಏಟಿಗೆ ಜೀವ ಹೋಗಿಬಿಡುತ್ತಿತ್ತು. ಈಗ ಔಷಧಿ ಜೀವ ಉಳಿಸುತ್ತಿತ್ತು, ಎಂಟು ದಿನಕ್ಕೆ ಆಸ್ಪತ್ರೆ ಮನೆಗೆ ಕಳಿಸುತ್ತಿತ್ತು. ಮನೆಯಲ್ಲಿ ಯಾರಿದ್ದಾರೆ ಎಂದು ಯಾರೂ ಕೇಳುತ್ತಿರಲಿಲ್ಲ.

ಕೆಲಸದ ಕೊನೆಯ ವಾರ ಅಂಥದೇ ಒಬ್ಬ ರೋಗಿಯನ್ನು ಮಡಿವಾಳಪ್ಪ ಆಂಬುಲೆನ್ಸಿಗೆ ಹತ್ತಿಸಿದ್ದರು. ಹೆಸರು ಗೋಪೀನಾಥ, ಟೆಲಿಫೋನ್ ಇಲಾಖೆಯಿಂದ ನಿವೃತ್ತರಾದವರು, ಎಪ್ಪತ್ತಾರು ವರ್ಷ. ಲಕ್ವ ಹೊಡೆದು ಬಲಗೈ, ಬಲಗಾಲು, ಮಾತು ಮೂರೂ ಹೋಗಿದ್ದವು. ಮೂಗಿನಲ್ಲಿ ಊಟದ ಟ್ಯೂಬು. ಅವರ ಹೆಂಡತಿ ಅನಂತಲಕ್ಷ್ಮಿ, ಹೈಸ್ಕೂಲಿನಲ್ಲಿ ಗಣಿತ, ವಿಜ್ಞಾನ ಹೇಳಿಕೊಟ್ಟು ನಿವೃತ್ತರಾದವರು, ಸಣಕಲು ಜೀವ, ಲಿಫ್ಟಿನ ಬಾಗಿಲಲ್ಲಿ ಮಡಿವಾಳಪ್ಪನವರ ತೋಳು ಹಿಡಿದು ಕೇಳಿದ್ದರು: "ಎರಡು ಗಂಟೆಗೊಂದು ಸಲ ಮಗ್ಗುಲು ತಿರುಗಿಸಿ ಅಂತಾರಲ್ಲ, ನಂಗೆ ಅರವತ್ತೊಂಬತ್ತು. ನಾನು ಹೇಗಪ್ಪಾ ತಿರುಗಿಸ್ಲಿ?"

ಆ ಪ್ರಶ್ನೆಗೆ ಉತ್ತರ ಕೊಡಲೆಂದೇ ಈಗ ಹೊರಟಿದ್ದರು.

ಆಂಬುಲೆನ್ಸಿನ ಚೀಟಿಯಲ್ಲಿ ನೋಡಿಟ್ಟುಕೊಂಡಿದ್ದ ಬಸವೇಶ್ವರನಗರದ ಆ ಮನೆಯಲ್ಲಿ ಬಾಗಿಲು ತೆರೆದದ್ದು, ರೋಗಿಗಳನ್ನು ನೋಡಿಕೊಳ್ಳಲು ಆಳು ಕಳಿಸುವ ಏಜೆನ್ಸಿಯಿಂದ ಬಂದಿದ್ದ ಅಟೆಂಡರ್. ಹತ್ತು ದಿನದಲ್ಲಿ ಅವನು ಮೂರನೆಯವನಂತೆ. ಒಳಗೆ ಹೋಗಿ ನೋಡಿದರೆ ಗೋಪೀನಾಥರ ಎಡಗೈಯನ್ನು, ಉಳಿದಿದ್ದ ಆ ಒಂದೇ ಒಳ್ಳೆಯ ಕೈಯನ್ನು, ಹಳೆಯ ದುಪಟ್ಟಾದ ತುಂಡಿನಿಂದ ಮಂಚದ ಸರಳಿಗೆ ಕಟ್ಟಲಾಗಿತ್ತು. ಮಣಿಕಟ್ಟಿನ ಸುತ್ತ ಬಳೆಯಂತೆ ಕೆಂಪು ಗಾಯ. ಮುದುಕರು ಸೂರು ನೋಡುತ್ತಾ ಮಲಗಿದ್ದರು.

ಮಡಿವಾಳಪ್ಪ ಯಾರನ್ನೂ ಕೇಳಲಿಲ್ಲ. ಗಂಟು ಬಿಚ್ಚಿದರು.

ಅಷ್ಟರಲ್ಲಿ ಗೋಪೀನಾಥರ ಮಗಳು ಮಾಲವಿಕಾ ಬಂದಳು. ವಿಜಯನಗರದಲ್ಲಿ ಗಂಡನ ಮನೆ, ಬ್ಯಾಂಕಿನ ಕೆಲಸ. ದಿನವೂ ಆಫೀಸಿಗೆ ಹೋಗುವ ಮುಂಚೆ ತಂದೆಯನ್ನು ನೋಡಿ ಹೋಗುತ್ತಿದ್ದಳು. ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು.

"ಯಾರ್ರೀ ನೀವು? ಕೈ ಯಾಕೆ ಬಿಚ್ಚಿದ್ರಿ? ಟ್ಯೂಬ್ ಕಿತ್ಕೋತಾರೆ. ಈಗಾಗ್ಲೇ ಎರಡು ಸಲ ಆಸ್ಪತ್ರೆಗೆ ಓಡಿದೀವಿ!"

ಸಿಟ್ಟು ಬಂದಾಗ ಮಡಿವಾಳಪ್ಪನವರ ನಾಲಗೆಯಿಂದ ಬೆಂಗಳೂರು ಜಾರಿ ಊರು ಬಂದುಬಿಡುತ್ತಿತ್ತು. "ಕಿತ್ಕೊಂಡ್ರ ಕಿತ್ಕೋಲಿ ತಾಯಿ. ಒಂದು ಕೈ ದೇವ್ರು ಕಟ್ಟಿ ಹಾಕ್ಯಾನ. ಇನ್ನೊಂದು ನಾವ್ಯಾಕ ಕಟ್ಟಬೇಕು?"

ಮಾಲವಿಕಾ ಅಲ್ಲೇ ಕುರ್ಚಿಯ ಮೇಲೆ ಕುಸಿದು ಕೂತಳು. ಬೈಯುತ್ತಾಳೆಂದುಕೊಂಡರೆ ಅಳುತ್ತಿದ್ದಳು.

ಮಡಿವಾಳಪ್ಪ ಮಂಚದ ಪಕ್ಕ ಕೂತು, ಬಿಡಿಸಿದ ಕೈ ಎಲ್ಲಿಗೆ ಹೋಗುತ್ತದೆಂದು ನೋಡುತ್ತಿದ್ದರು. ಅದು ನೇರ ಮೂಗಿಗೇ ಹೋಯಿತು. ಆದರೆ ಟ್ಯೂಬು ಹಿಡಿಯಲಿಲ್ಲ, ಅದಕ್ಕೆ ಅಂಟಿಸಿದ್ದ ಪ್ಲಾಸ್ಟರನ್ನು ಕೆರೆಯಿತು. ಪ್ಲಾಸ್ಟರಿನ ಕೆಳಗೆ ಚರ್ಮ ಸುಲಿದು ಹಸಿಯಾಗಿತ್ತು. "ನವೆ ಕಣಮ್ಮಾ! ಇವ್ರಿಗೆ ನವೆ ಆಗ್ತಾ ಇದೆ. ಹೇಳಾಕೆ ಬಾಯಿಲ್ಲ, ಕೆರಕೊಂಡ್ರೆ ಕೈ ಕಟ್ಟೀರಿ" ಎಂದು ಹೇಳಿ, ಜಾಗ ಒರೆಸಿ, ಬೇರೆ ಪ್ಲಾಸ್ಟರನ್ನು ಕೆನ್ನೆಯ ಕಡೆ ಹಾಕಿದರು. ಅಂಗೈಗೆ ಒಂದು ಬಟ್ಟೆಯ ಉಂಡೆ ಕೊಟ್ಟರು. ಆ ದಿನವೆಲ್ಲ ಕೈ ಮೂಗಿನ ಕಡೆ ಹೋಗಲಿಲ್ಲ.

ಬೆನ್ನು ನೋಡಿದಾಗ ಬಾಲದ ಮೂಳೆಯ ಮೇಲೆ ಹುಣ್ಣು ಶುರುವಾಗಿತ್ತು. ಮಡಿವಾಳಪ್ಪ ಅನಂತಲಕ್ಷ್ಮಿಯವರನ್ನು ಕರೆದು ತಿರುಗಿಸುವುದನ್ನು ತೋರಿಸಿದರು. ಆಚೆ ಕಡೆಯ ಮಂಡಿ ಮಡಿಸಿ ಎತ್ತಿ ನಿಲ್ಲಿಸಬೇಕು, ಕೈಯನ್ನು ಎದೆಯ ಮೇಲೆ ತರಬೇಕು, ನಮ್ಮ ಒಂದು ಅಂಗೈ ಅವರ ಭುಜದ ಹಿಂದೆ, ಒಂದು ಸೊಂಟದ ಹಿಂದೆ. ಎತ್ತಬಾರದು, ಮೈಯನ್ನು ನಮ್ಮ ಕಡೆ ಉರುಳಿಸಿಕೊಳ್ಳಬೇಕು, ಅಷ್ಟೆ. ನಲವತ್ತೈದು ಕೆ.ಜಿ.ಯ ಹೆಂಗಸು ಎಪ್ಪತ್ತು ಕೆ.ಜಿ.ಯ ಗಂಡನನ್ನು ಒಂದೇ ಸಲಕ್ಕೆ ಮಗ್ಗುಲಾಗಿಸಿದರು. ತಾವೇ ಬೆರಗಾಗಿ ನಿಂತರು.

"ಇದು ಸನ್ನೆಕೋಲು ಕಣ್ರಿ! ಮೂವತ್ತು ವರ್ಷ ಬೋರ್ಡ್ ಮೇಲೆ ಬರ್ದಿದೀನಿ, ಮನೇಲಿ ಉಪಯೋಗಕ್ಕೆ ಬರುತ್ತೆ ಅಂತ ಯಾರೂ ಹೇಳ್ಲಿಲ್ಲ ನೋಡಿ."

ಅಂದಿನಿಂದ ಮಡಿವಾಳಪ್ಪ ದಿನವೂ ಹೋಗತೊಡಗಿದರು. ಏಜೆನ್ಸಿಯ ಹುಡುಗನನ್ನು ಬಿಡಿಸಿ ಅನಂತಲಕ್ಷ್ಮಿ ಇವರನ್ನೇ ಇಟ್ಟುಕೊಂಡರು. ತಿಂಗಳೊಳಗೆ ಹುಣ್ಣು ಒಣಗಿತು. ಅದೇ ಹೊತ್ತಿಗೆ ಮಡಿವಾಳಪ್ಪ ಇನ್ನೊಂದು ವಿಷಯ ಗಮನಿಸಿದರು. ಗೋಪೀನಾಥರ ಬಾಯಿಂದ ಜೊಲ್ಲು ಸುರಿಯುವುದು ನಿಂತಿತ್ತು, ಉಗುಳು ತಾನೇ ಒಳಗೆ ಹೋಗುತ್ತಿತ್ತು. "ಅಮ್ಮಾವ್ರೇ, ಇವ್ರು ನುಂಗ್ತಾ ಇದಾರೆ. ನಾನೂ ನೀವೂ ಬಾಯಿಗೇನೂ ಹಾಕಬಾರದು, ಶ್ವಾಸಕ್ಕೆ ಹೋದ್ರೆ ಜೀವಕ್ಕೇ ಅಪಾಯ. ಡಾಕ್ಟ್ರಿಗೆ ಹೇಳಿ ಪರೀಕ್ಷೆ ಮಾಡಿಸ್ರಿ."

ಆಸ್ಪತ್ರೆಯ ಡಾಕ್ಟರು ಫೈಲಿನಿಂದ ತಲೆ ಎತ್ತದೆ, "ಈ ವಯಸ್ಸಲ್ಲಿ ಯಾಕಮ್ಮ ಅದೆಲ್ಲ? ಟ್ಯೂಬಲ್ಲೇ ನಡೀತಾ ಇದೆಯಲ್ಲ" ಎಂದರು.

"ಯಾರಿಗೆ ನಡೀತಾ ಇದೆ ಡಾಕ್ಟ್ರೇ?" ಅನಂತಲಕ್ಷ್ಮಿ ಕೂತಲ್ಲಿಂದ ಏಳಲಿಲ್ಲ. "ಎಷ್ಟು ವಯಸ್ಸಿನವರೆಗೆ ಬಾಯಲ್ಲಿ ಊಟ ಮಾಡ್ಬಹುದು ಅಂತ ಒಂದು ಚೀಟಿ ಬರ್ಕೊಡಿ, ಹೋಗ್ತೀನಿ. ಇಲ್ಲ, ಪರೀಕ್ಷೆಗೆ ಬರ್ಕೊಡಿ."

ಹಿಂದೆ ಸಾಲು ಬೆಳೆಯಿತು. ಡಾಕ್ಟರು ಕೊನೆಗೆ ಪರೀಕ್ಷೆಗೇ ಬರೆದುಕೊಟ್ಟರು. ನುಂಗುವುದನ್ನು ನೋಡುವ ತಜ್ಞೆ ಎರಡು ಸಲ ಪರೀಕ್ಷಿಸಿ, ತೆಳ್ಳಗಿನದು ಬೇಡ, ಗಟ್ಟಿ ಗಂಜಿ ಕೊಡಬಹುದೆಂದು ಹೇಳಿದ ಮೇಲೆ ಟ್ಯೂಬು ತೆಗೆದರು. ಮನೆಯಲ್ಲಿ ರಾಗಿ ಗಂಜಿಯ ಮೊದಲ ಚಮಚ ಬಾಯಿಗಿಟ್ಟಾಗ ಗೋಪೀನಾಥ ಬಹಳ ಹೊತ್ತು ಚಪ್ಪರಿಸಿ, ಮುಖ ಸಿಂಡರಿಸಿ, ಲಕ್ವ ಹೊಡೆದ ಮೇಲೆ ಮೊದಲ ಬಾರಿಗೆ ಒಂದು ಮಾತಾಡಿದರು. "ಉಪ್ಪು."

"ನೋಡಿ, ಬಾಯಿ ಬಂದ ತಕ್ಷಣ ಅಡುಗೆಗೆ ಹೆಸರಿಡೋಕೆ ಶುರು" ಎಂದು ಅನಂತಲಕ್ಷ್ಮಿ ಸೆರಗಿನಿಂದ ಕಣ್ಣೊರೆಸಿಕೊಂಡರು.

ಇತ್ತ ಮಡಿವಾಳಪ್ಪನವರ ಮನೆಯಲ್ಲಿ ಜಗಳ. ಮಗ ವೀರೇಶನಿಗೆ ನಾಯಂಡಹಳ್ಳಿಯಲ್ಲಿ ಗ್ಯಾರೇಜು. "ಅಪ್ಪಾ, ರಿಟೈರ್ ಆದ್ಮೇಲೂ ಮಂದಿ ಹೇಲು ಬಾಚ್ತಾರೆ ನಿಮ್ಮಪ್ಪ ಅಂತ ನಗ್ತಾರೆ. ಬಿಟ್ಬಿಡು" ಎಂದ.

"ನಗೂವವ್ರ ಹೆಸರು ಬರದಿಡು" ಎಂದರು ಮಡಿವಾಳಪ್ಪ. "ಅವ್ರಿಗೂ ಒಂದಿನ ನಾನೇ ಬೇಕಾಗ್ತೀನಿ. ಇದೇ ಕೈ ಉಣಿಸಿದ್ದನ್ನ ಉಂಡು ನೀ ದೊಡ್ಡಾಂವ ಆಗೀದಿ. ಆವಾಗ ವಾಸನಿ ಬರಲಿಲ್ಲೇನು?"

ಬೀದಿಯಲ್ಲಿ ಸುದ್ದಿ ಹರಡಿತ್ತು. ಅನಂತಲಕ್ಷ್ಮಿಯವರ ಮನೆಗೆ ಜನ ಒಬ್ಬೊಬ್ಬರಾಗಿ ಬಂದು ಮೆಲ್ಲನೆ ಕೇಳತೊಡಗಿದರು. ಒಬ್ಬರ ಅತ್ತೆಗೆ ಸೊಂಟ ಮುರಿದಿತ್ತು, ಇನ್ನೊಬ್ಬರ ಅಣ್ಣ ಮಲಗಿದಲ್ಲೇ ಇದ್ದರು. ಎಲ್ಲರಿಗೂ ಮಡಿವಾಳಪ್ಪ ಬೇಕು, ಮಡಿವಾಳಪ್ಪ ಇರುವುದು ಒಬ್ಬರೇ. ಅನಂತಲಕ್ಷ್ಮಿ ಯೋಚನೆ ಮಾಡಿ ಹೇಳಿದರು: "ನೀವು ಮನೆ ಮನೆ ಸುತ್ತಿದ್ರೆ ಎಷ್ಟು ಜನಕ್ಕಾಯ್ತು? ಅವ್ರಿಗೇ ಕಲಿಸಿ. ಕ್ಲಾಸ್ ಮಾಡೋಣ."

"ಕ್ಲಾಸಾ? ನಾ ಓದಿದ್ದು ಏಳನೇ ಇಯತ್ತೆ ಅಮ್ಮಾವ್ರೇ."

"ನಾನು ಎಂ.ಎಸ್ಸಿ. ಓದಿದೀನಿ, ಗಂಡನ್ನ ಮಗ್ಗುಲು ತಿರುಗಿಸೋಕೆ ಬರ್ತಿರ್ಲಿಲ್ಲ."

ಬಡಾವಣೆಯ ಸಂಘದ ಸಭಾಂಗಣ ಕೇಳಲು ಇಬ್ಬರೂ ಹೋದರು. ಕಾರ್ಯದರ್ಶಿ ಲಿಂಗಪ್ಪ ಅನಂತಲಕ್ಷ್ಮಿಯವರಿಗೆ ಕುರ್ಚಿ ತೋರಿಸಿದರು, ಮಡಿವಾಳಪ್ಪನವರಿಗೆ ತೋರಿಸಲಿಲ್ಲ. ಅನಂತಲಕ್ಷ್ಮಿಯೂ ಕೂರಲಿಲ್ಲ. "ಡಾಕ್ಟ್ರನ್ನ ಕರೆಸಿ ಮೇಡಂ, ಹಾಲ್ ಕೊಡೋಣ. ವಾರ್ಡ್ ಬಾಯ್ ಹತ್ರ ಪಾಠ ಹೇಳಿಸಿದ್ರೆ ಜನ ಏನಂತಾರೆ?" ಎಂದರು ಲಿಂಗಪ್ಪ.

"ಡಾಕ್ಟ್ರು ರೋಗಿ ಹತ್ರ ಐದು ನಿಮಿಷ ಇರ್ತಾರೆ ಲಿಂಗಪ್ಪನವ್ರೇ. ಮಿಕ್ಕ ಇಡೀ ದಿನ ಇರೋದು ಇವರು. ಹಾಲ್ ನೀವೇ ಇಟ್ಕೊಳ್ಳಿ, ನಮ್ಮನೇಲಿ ಜಾಗ ಇದೆ."

ಮುಂದಿನ ಶನಿವಾರ ಸೋಫಾ ಗೋಡೆಗೆ ಸರಿಯಿತು, ನಡುಮನೆಗೆ ಕಬ್ಬಿಣದ ಮಂಚ ಬಂತು. ಹದಿನಾಲ್ಕು ಜನ ಬಂದರು. ಅವರಲ್ಲಿ ಅರವತ್ತಕ್ಕಿಂತ ಕಡಿಮೆಯವಳು ಮಾಲವಿಕಾ ಒಬ್ಬಳೇ. ಮಂಡಿನೋವಿನವರು, ಕನ್ನಡಕದ ಮೇಲೆ ಕನ್ನಡಕ ಹಾಕುವವರು, ಹೆಂಡತಿಯ ಜಡೆ ಹೆಣೆಯಲು ಬಾರದ ಗಂಡಂದಿರು. ರೋಗಿಯಾಗಲು ಯಾರೂ ಒಪ್ಪದಿದ್ದಾಗ ಮಡಿವಾಳಪ್ಪ ತಾವೇ ಮಲಗಿದರು. "ತಿರುಗಸ್ರಿ ನನ್ನ. ಸಾರ್, ನೀವು ರಗ್ ಎಳದಂಗ ಎಳೀತೀರಿ, ಚರ್ಮ ಕಿತ್ತು ಬರ್ತದ. ಉರುಳಸ್ರಿ, ಉರುಳಸ್ರಿ!" ಎಂದು ಅಂಗಾತ ಮಲಗಿಕೊಂಡೇ ಬೈದರು. ನಿವೃತ್ತ ಎಂಜಿನಿಯರೊಬ್ಬರು ಬೆವರು ಒರೆಸಿಕೊಂಡು "ಸಾರಿ ಮಾಸ್ಟರ್" ಎಂದರು. ಮಡಿವಾಳಪ್ಪ ಬೈಯುವುದು ಬಿಟ್ಟು ಮಂಚದ ಮೇಲೆ ಎದ್ದು ಕೂತರು. ಮೂವತ್ತೊಂದು ವರ್ಷದಲ್ಲಿ ಯಾರೂ ಅವರನ್ನು ಹಾಗೆ ಕರೆದಿರಲಿಲ್ಲ.

ಮೂರನೆಯ ಶನಿವಾರ ಏಜೆನ್ಸಿಯ ಸೂಪರ್‌ವೈಸರ್ ಅರುಣ ಬಂದು ಬಾಗಿಲಲ್ಲಿ ನಿಂತ. ಇಸ್ತ್ರಿ ಮಾಡಿದ ಶರ್ಟು, ಕೈಯಲ್ಲಿ ಫೈಲು. "ಅಣ್ಣ, ಸರ್ಟಿಫಿಕೇಟ್ ಇಲ್ದೆ ಇದನ್ನೆಲ್ಲ ಕಲಿಸೋ ಹಾಗಿಲ್ಲ. ಕಂಪ್ಲೇಂಟ್ ಆದ್ರೆ ನಿಮಗೇ ಕಷ್ಟ. ಸುಮ್ನೆ ನಮ್ ಏಜೆನ್ಸಿ ಸೇರ್ಕೊಂಬಿಡಿ, ಯೂನಿಫಾರಂ ಕೊಡ್ತೀವಿ."

"ನಾ ಸೂಜಿ ಚುಚ್ಚಂಗಿಲ್ಲ, ಔಷಧಿ ಹೇಳಂಗಿಲ್ಲ, ಟ್ಯೂಬ್ ಹಾಕಂಗಿಲ್ಲ" ಎಂದರು ಮಡಿವಾಳಪ್ಪ. "ಅದಕ್ಕೆಲ್ಲ ಓದಿದವ್ರು ಅದಾರ. ಮೈ ತೊಳಿಯೂದು, ತಿರುಗಸೂದು, ಉಣ್ಣಸೂದು ಕಲಸ್ತೀನಿ. ತಾಯಿ ಕೂಸಿಗೆ ಮಾಡೋ ಕೆಲಸಕ್ಕ ಯಾವ ಸರ್ಟಿಫಿಕೇಟು? ಕಂಪ್ಲೇಂಟ್ ಕೊಡು. ನಿಮ್ಮ ಹುಡುಗ ಈ ಮನೀಯವ್ರ ಕೈ ಕಟ್ಟಿದ್ದನ್ನೂ ಅದರಾಗ ಬರಿ. ಅಷ್ಟು ಬರದು ಆದ್ಮ್ಯಾಲೆ ಬಂದು ಇಲ್ಲೇ ಕೂಡು, ನಿನಗೂ ಕಲಸ್ತೀನಿ."

ಅರುಣ ಹೋದ. ಕಂಪ್ಲೇಂಟು ಬರಲಿಲ್ಲ. ಅವನೂ ಕಲಿಯಲು ಬರಲಿಲ್ಲ.

ಎಲ್ಲವೂ ಗೆದ್ದಿತೆಂದಲ್ಲ. ಕಲಿತವರಲ್ಲಿ ಕೆಲವರು ಮನೆಗೆ ಹೋಗಿ ಅದೇ ಹಳೆಯ ದಾರಿ ಹಿಡಿದರು. ಒಂದು ಮನೆಯಲ್ಲಿ ಮಡಿವಾಳಪ್ಪನವರನ್ನು ಹಿತ್ತಲ ಬಾಗಿಲಿಂದ ಬರಲು ಹೇಳಿದರು. "ನಿಮ್ಮ ತಂದಿಯವ್ರನ್ನ ಮುಟ್ಟಾಕ ಬರೋ ಕೈ ಮುಂಬಾಗ್ಲಾ ಮುಟ್ಟಬಾರದೇನ್ರಿ?" ಎಂದು ಕೇಳಿ ಅಲ್ಲಿಂದ ಹಾಗೇ ತಿರುಗಿದರು. ಮೂರು ದಿನ ಬಿಟ್ಟು ಆ ಮನೆಯ ಯಜಮಾನನೇ ಮೂಡಲಪಾಳ್ಯಕ್ಕೆ ಹುಡುಕಿಕೊಂಡು ಬಂದ. ಮುಂಬಾಗಿಲು ತೆರೆಯಿತು.

ಮರುವರ್ಷ ಬಸವ್ವನೂ ಸೇರಿಕೊಂಡರು, ಅದೂ ಗಂಡನ ಮಾತಿಗಲ್ಲ. ಅವರ ವಠಾರದಲ್ಲೇ ಹನುಮವ್ವ ಎಂಬ ಮುದುಕಿ ಇದ್ದಳು. ಸೊಸೆ ಗಾರ್ಮೆಂಟ್ಸಿಗೆ ಹೋದರೆ ಸಂಜೆಯ ತನಕ ಹೊರಗಿನಿಂದ ಚಿಲಕ. ಸೊಸೆಯೂ ಏನು ಮಾಡಿಯಾಳು, ರಜೆ ಹಾಕಿದರೆ ಕೆಲಸ ಹೋಗುತ್ತಿತ್ತು. ಒಂದು ಮಧ್ಯಾಹ್ನ ಒಳಗಿನಿಂದ ನರಳುವುದು ಕೇಳಿ ಬಸವ್ವ ಚಿಲಕ ತೆಗೆದು ಹೋದರು. ಮುದುಕಿ ಒದ್ದೆಯಲ್ಲೇ ಮಲಗಿದ್ದಳು, ಗಂಡಸರನ್ನು ಹತ್ತಿರ ಬಿಟ್ಟುಕೊಳ್ಳುತ್ತಿರಲಿಲ್ಲ. ಸಂಜೆ ಬಸವ್ವ ಗಂಡನ ಮುಂದೆ ನಿಂತು, "ನನಗೂ ಕಲಸ್ರಿ. ಹೆಣ್ಣುಮಕ್ಕಳನ್ನ ನೋಡಾಕ ನಿಮ್ಮಿಂದ ಆಗಂಗಿಲ್ಲ" ಎಂದರು. ವಾರದೊಳಗೆ ವಠಾರದ ಹೆಂಗಸರು ಸರದಿ ಹಾಕಿಕೊಂಡರು. ಹನುಮವ್ವನ ಬಾಗಿಲಿಗೆ ಮತ್ತೆ ಚಿಲಕ ಬೀಳಲಿಲ್ಲ.

ಗೋಪೀನಾಥ ಇನ್ನೂ ಎರಡೂವರೆ ವರ್ಷ ಬದುಕಿದರು. ಮಾತು ಪೂರ್ತಿ ಬರಲಿಲ್ಲ, ಕಾಲೂ ಬರಲಿಲ್ಲ. ಆದರೆ ಎಡಗೈಯಲ್ಲಿ ತಾವೇ ಉಂಡರು, ಕುರ್ಚಿಯಲ್ಲಿ ಕೂತು ಕ್ಲಾಸು ನೋಡಿದರು, ತಪ್ಪು ಮಾಡಿದವರನ್ನು ಕಂಡು ನಕ್ಕರು. ೨೦೦೭ರ ಆರಂಭದಲ್ಲಿ ಒಂದು ಬೆಳಿಗ್ಗೆ ಹೋಗಿಬಿಟ್ಟರು. ಸಾವನ್ನು ಖಚಿತಪಡಿಸಲು ಬಂದ ಡಾಕ್ಟರು ದೇಹವನ್ನು ಮಗ್ಗುಲಾಗಿಸಿ ಬೆನ್ನು ನೋಡಿ, "ಮೂರು ವರ್ಷ ಮಲಗಿದ್ದವರಾ ಇವರು? ಒಂದು ಕಲೆ ಇಲ್ಲವಲ್ಲ!" ಎಂದರು. ಬಾಗಿಲಲ್ಲಿ ನಿಂತಿದ್ದ ಮಡಿವಾಳಪ್ಪ ಬಚ್ಚಲಿನ ಕಡೆ ನಡೆದರು. ಕೊನೆಯ ಸ್ನಾನಕ್ಕೆ, ಮಗಳು ಬೇಡವೆಂದರೂ, ನೀರು ಬಿಸಿ ಮಾಡಿಸಿದರು.

ಹದಿಮೂರನೆಯ ದಿನ ಕಳೆದ ಮೇಲಿನ ಮೊದಲ ಶನಿವಾರ ಅವರು ಬಸವೇಶ್ವರನಗರಕ್ಕೆ ಹೋದದ್ದು ಮಂಚ ಬಿಚ್ಚಿ ಎತ್ತಿಡಲು. ಆದರೆ ಬಾಗಿಲು ತೆರೆದಿತ್ತು, ಮೆಟ್ಟಿಲ ಬಳಿ ಚಪ್ಪಲಿಗಳ ರಾಶಿ. ಒಳಗೆ ಅನಂತಲಕ್ಷ್ಮಿಯವರ ನಾದಿನಿ "ಇಷ್ಟು ಬೇಗ ಮನೇಲಿ ಇದೆಲ್ಲ ಚೆನ್ನಾಗಿರಲ್ಲ ಕಣೇ, ವರ್ಷ ತುಂಬ್ಲಿ" ಎನ್ನುತ್ತಿದ್ದರು.

"ಮಲಗಿರೋರು ವರ್ಷ ತುಂಬೋವರೆಗೆ ಕಾಯ್ತಾರಾ?" ಎಂದರು ಅನಂತಲಕ್ಷ್ಮಿ. ಆಮೇಲೆ ಬಾಗಿಲ ಕಡೆ ತಿರುಗಿ, "ಯಾಕೆ ಅಲ್ಲೇ ನಿಂತ್ರಿ ಮಡಿವಾಳಪ್ಪನವ್ರೇ? ಹೊಸಬರು ಆರು ಜನ ಬಂದಿದಾರೆ, ಕೆಂಗೇರಿಯಿಂದ ಒಬ್ಬರು ಎರಡು ಬಸ್ಸು ಬದಲಾಯ್ಸಿ ಬಂದಿದಾರೆ. ಇವತ್ತು ನೀವು ಮಲಗಬೇಡಿ, ನಿಮ್ಮ ಬೆನ್ನು ನೋಯುತ್ತೆ. ನಾನು ಮಲಗ್ತೀನಿ" ಎಂದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಎಪ್ಪತ್ತೆರಡರ ಆ ಮೇಡಂ ಮಂಚ ಹತ್ತಿದರು.